ಕಲಿಸಿ ಕೆಟ್ಟ ಚನಬಸಪ್ಪ

ಇಷ್ಟಕ್ಕೆಲ್ಲ ಕಾರಣ ಚನಬಸಪ್ಪನ ಮೊಣಕಾಲು. ಪೀಣ್ಯದ ಪಂಚಾಕ್ಷರಿಯವರ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷನ್ನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತು ನಿಂತು ಅವು ಈಗ ಹಳೆ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಇನ್ನು ಮೇಲೆ ಕೂತು ಮಾಡುವ ಕೆಲಸ ನೋಡಿಕೊಳ್ಳಿ ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟಿದ್ದರು. ಆ ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸ ಇದ್ದದ್ದು ಎರಡೇ. ಒಂದು ಮಾಲೀಕ ಪಂಚಾಕ್ಷರಿಯವರದು, ಇನ್ನೊಂದು ಸೂಪರ್‌ವೈಸರನದು. ಪುಣ್ಯಕ್ಕೆ ಎರಡನೆಯದು ಖಾಲಿಯಾಗಿತ್ತು.

"ನೀನೇ ಆಗ್ಬೇಕು ಅಂತ ನನಗೂ ಆಸೆ ಕಣಯ್ಯಾ" ಎಂದಿದ್ದರು ಪಂಚಾಕ್ಷರಿ. "ಆದ್ರೆ ಹೊಸ ಆರ್ಡರ್ ಕೊಡೋ ಕಂಪನಿಯೋರು ಸೂಪರ್‌ವೈಸರ್ ಹತ್ರ ಸರ್ಟಿಫಿಕೇಟ್ ಇರ್ಲೇಬೇಕು ಅಂತಿದಾರೆ. ನಿನ್ ಕೆಲಸ ನನಗ್ ಗೊತ್ತು, ಅವರಿಗೆ ಕಾಗದ ಬೇಕು. ಶನಿವಾರ ಸಂಜೆಯೊಳಗೆ ತಂದ್ರೆ ನೀನು. ಇಲ್ದಿದ್ರೆ ಯಾರು ತರ್ತಾರೋ ಅವರು."

ಪೀಣ್ಯದಲ್ಲೇ ಒಂದು ತರಬೇತಿ ಕೇಂದ್ರ ಅನುಭವಸ್ಥರಿಗೆಂದು ಒಂದೇ ದಿನದ ಕೋರ್ಸು ನಡೆಸುತ್ತಿತ್ತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಪರೀಕ್ಷೆ, ಸಂಜೆ ಕೈಗೆ ಸರ್ಟಿಫಿಕೇಟು. ಶನಿವಾರ ಚಿಕ್ಕಬಾಣಾವರದ ಬಾಡಿಗೆ ಮನೆಯಿಂದ ಚನಬಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಹೆಂಡತಿ ರುಕ್ಮವ್ವ ರೊಟ್ಟಿಯ ಡಬ್ಬಿ ಕೊಡುತ್ತಾ ಎಚ್ಚರಿಕೆಯನ್ನೂ ಕೊಟ್ಟಳು.

"ಅಲ್ಲಿ ಹೋಗಿ ಸುಮ್ಮ ಕುಂದರ್ರಿ. ಮಿಷನ್ ಕಂಡಕೂಡ್ಲೇ ಕೈ ಹಾಕಬ್ಯಾಡ್ರಿ. ಊರಿಗೆ ಉಪಕಾರಿ, ಮನಿಗೆ ಮಾರಿ ಅನ್ನೂದು ನಿಮ್ಮನ್ನ ನೋಡೇ ಹೇಳ್ಯಾರ."

"ನನಗೇನ್ ಹುಚ್ಚ ಹಿಡದೈತೇನ?" ಎನ್ನುತ್ತಾ ಅವನು ಗೇಟಿಗೆ ಬಂದ. ಗೇಟಿನಲ್ಲಿ ಮನೆ ಒಡತಿ ನಾಗಲಕ್ಷ್ಮಮ್ಮ ನಿಂತಿದ್ದರು, ಪಕ್ಕದಲ್ಲಿ ಮಗ ಮುನಿಕೃಷ್ಣ.

"ಚನಬಸಪ್ಪಾ, ಅಂಗೇ ನಮ್ ಮುನಿನೂ ಕರ್ಕೊಂಡೋಗಪ್ಪಾ. ಎಣ್ಣಿನ ಕಡೆಯೋರು, ಬಾಡಿಗೆ ಎತ್ತೋದೆಲ್ಲಾ ಕೆಲ್ಸ ಅಲ್ಲ ಅಂದ್ಬುಟ್ರು. ಇವನ ಕೈಗೂ ಒಂದು ಸರ್ಟಿಫಿಕೇಟ್ ಬರ್ಲಿ."

"ಅದು ಅನುಭವ ಇದ್ದವರಿಗ್ರೀ ಅಮ್ಮಾರ."

"ಐತಲ್ಲ! ಏಳ್ ವರ್ಷದಿಂದ ದಿನಾ ಎರಡೊತ್ತೂ ನೀರಿನ ಮೋಟಾರ್ ಆನ್ ಮಾಡ್ತಾವ್ನೆ. ನಮ್ಮಣ್ಣನ ವರ್ಕ್‌ಶಾಪಿಂದ ಲೆಟರ್ರೂ ಬರೆಸಿವ್ನಿ."

ನೀರಿನ ಮೋಟಾರು ಕೈಯಲ್ಲಿದ್ದವರ ಜೊತೆ ಬಾಡಿಗೆದಾರ ವಾದ ಮಾಡಲಾದೀತೇ? ಚನಬಸಪ್ಪ ಮುನಿಕೃಷ್ಣನ ಸ್ಕೂಟರಿನ ಹಿಂದೆ ಕೂತ. ದಾರಿಯಲ್ಲಿ ಮುನಿಕೃಷ್ಣ, "ನಿಮಗ್ಯಾಕಣ್ಣ ಈ ವಯಸ್ಸಲ್ಲಿ ಇದೆಲ್ಲಾ?" ಎಂದು ಕೇಳಿದ. ಕೇಳುವವರು ಸಿಕ್ಕರೆ ಚನಬಸಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ಮೊಣಕಾಲು, ಡಾಕ್ಟರು, ಖಾಲಿ ಇರುವ ಕೆಲಸ, ಪಂಚಾಕ್ಷರಿಯವರ ಷರತ್ತು, ವರ್ಕ್‌ಶಾಪ್ ಇರುವ ರಸ್ತೆ, ಎಲ್ಲವನ್ನೂ ಬಿಡಿಸಿ ಹೇಳಿದ. ಮುನಿಕೃಷ್ಣ ಬಹಳ ಗಮನವಿಟ್ಟು ಕೇಳಿಸಿಕೊಂಡ.

ಕೇಂದ್ರದಲ್ಲಿ ಇಪ್ಪತ್ತು ಜನ ಸೇರಿದ್ದರು. ಮಾಸ್ತರನಾಗಿ ಬಂದಿದ್ದ ಸಿದ್ಧಾರ್ಥ್ ಎಂಬ ಇಂಜಿನಿಯರು ಗೋಡೆಯ ಮೇಲೆ ಲೇತಿನ ಚಿತ್ರ ತೋರಿಸಿ ಒಂದು ಗಂಟೆ ಚೆನ್ನಾಗಿಯೇ ಪಾಠ ಮಾಡಿದ. ಆಮೇಲೆ ನಿಜವಾದ ಲೇತಿನ ಹತ್ತಿರ ಹೋದ. ಸರಳನ್ನು ಹಿಡಿದು ಗರಗರ ತಿರುಗಿಸುವ ಚಕ್ಕು ಎಂಬ ಹಿಡಿಗೆ ಕಬ್ಬಿಣದ ಸರಳು ಸಿಕ್ಕಿಸಿ, ಬಿಗಿ ಮಾಡುವ ಕೀಲಿ ತಿರುಗಿಸಿ, ಆ ಕೀಲಿಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಚಾಚಿದ.

ರುಕ್ಮವ್ವನ ಮಾತು ಚನಬಸಪ್ಪನಿಗೆ ನೆನಪಿತ್ತು. ಆದರೆ ಚಕ್ಕು ತಿರುಗಿದರೆ ಆ ಕೀಲಿ ಹಾರಿ ಯಾರ ಹಣೆ ಒಡೆಯುತ್ತದೋ ಎಂಬುದೂ ಗೊತ್ತಿತ್ತು.

"ಏ ತಮ್ಮಾ, ನಿಂದ್ರೋ!" ಎಂದು ಒಂದೇ ನೆಗೆತಕ್ಕೆ ಅವನ ಕೈ ಹಿಡಿದ. "ಕೀಲಿ ತಗೀಲಾರದ ಸ್ವಿಚ್ ಮುಟ್ಟತಾರೇನ? ಮೊದಲ ಕೀಲಿ ಕೈಗೆ, ಆಮ್ಯಾಲ ಬಟನ್ನಿಗೆ!"

ಸಿದ್ಧಾರ್ಥ್ ಬೆವೆತು ಹೋದ. ಹಣೆ ಒರೆಸಿಕೊಂಡು ಚನಬಸಪ್ಪನನ್ನು ಮೂಲೆಗೆ ಕರೆದ.

"ಅಣ್ಣಾ, ನಿಜ ಹೇಳ್ತೀನಿ, ನಾನು ಓದಿದ್ದೆಲ್ಲಾ ಕಂಪ್ಯೂಟರ್ ಮೇಲೆ. ಇವತ್ತು ಬೇರೆ ಕಂಪನೀಲಿ ಒಂದು ಇಂಟರ್‌ವ್ಯೂ ಇದೆ. ಅರ್ಧ ಗಂಟೆ ನೀವೇ ಇವರಿಗೆ ಏನಾದ್ರೂ ತೋರಿಸ್ತಿರಿ, ಬಂದ್ಬಿಡ್ತೀನಿ."

ತನ್ನ ನೀಲಿ ಕೋಟನ್ನೂ ಕಳಚಿ ಚನಬಸಪ್ಪನಿಗೆ ತೊಡಿಸಿದ. ಅದರ ಎದೆಯ ಮೇಲೆ "ತರಬೇತುದಾರರು" ಎಂದು ಬರೆದಿತ್ತು. ಇಸ್ತ್ರಿ ಅಂಗಿಗೆ ಎಣ್ಣೆ ಸಿಡಿಯುವುದಿಲ್ಲವಲ್ಲ ಎಂದು ಚನಬಸಪ್ಪ ಗುಂಡಿ ಹಾಕಿಕೊಂಡ.

ಆಮೇಲೆ ಅವನಿಗೆ ಮೊಣಕಾಲೂ ನೆನಪಾಗಲಿಲ್ಲ, ರುಕ್ಮವ್ವನೂ ನೆನಪಾಗಲಿಲ್ಲ. ಟೂಲು ಹಿಡಿಯುವುದು ಹೇಗೆ, ಮಿಷನ್ನು ನೊಂದರೆ ಯಾವ ದನಿಯಲ್ಲಿ ಕೂಗುತ್ತದೆ, ಅಳತೆ ತಪ್ಪುವುದು ಎಲ್ಲಿ, ಎಲ್ಲ ಹೇಳಿಕೊಟ್ಟ. ಎಲ್ಲರಿಗಿಂತ ದಡ್ಡನಾಗಿದ್ದ ಮುನಿಕೃಷ್ಣನ ಕೈ ಹಿಡಿದು ಐದು ಸಲ ತಿದ್ದಿದ. ಅರ್ಧ ಗಂಟೆ ಎಂದು ಹೋದ ಸಿದ್ಧಾರ್ಥ್ ಊಟದ ಹೊತ್ತಾದರೂ ಬರಲಿಲ್ಲ. ಬಂದವರು ಪರೀಕ್ಷಕಿ ಯಮುನಾ ಮೇಡಂ.

"ನಮಸ್ಕಾರ ಸಾರ್" ಎಂದು ಅವರು ಕೋಟಿಗೆ ಗೌರವ ಕೊಟ್ಟು, ಹಾಜರಿ ಹಾಕುವ ಟ್ಯಾಬನ್ನು ಚನಬಸಪ್ಪನ ಮುಖಕ್ಕೆ ಹಿಡಿದರು. ಫೋಟೋ ಎಂದರೆ ನಗಬೇಕಲ್ಲ, ಅವನು ಹಲ್ಲು ಕಾಣುವ ಹಾಗೆ ನಕ್ಕ. ಪರೀಕ್ಷೆ ಶುರುವಾಯಿತು. ಒಬ್ಬೊಬ್ಬರೇ ಬಂದು ಪಾಸಾಗಿ ಹೋದರು. ತನ್ನದು ಕೊನೆಯ ಸರದಿ ಇರಬೇಕು ಎಂದುಕೊಂಡು ಚನಬಸಪ್ಪ ಹೆಮ್ಮೆಯಿಂದ ನೋಡುತ್ತಾ ನಿಂತ.

ಸಂಜೆ ಹತ್ತೊಂಬತ್ತು ಸರ್ಟಿಫಿಕೇಟು ಹಂಚಿ ಯಮುನಾ ಮೇಡಂ ಬ್ಯಾಗು ಮುಚ್ಚಿದರು.

"ನಂದ್ರೀ ಮೇಡಂ?"

"ನಿಮ್ಮದೇನ್ ಸಾರ್? ನೀವು ತರಬೇತುದಾರರು."

"ಅಯ್ಯೋ, ನಾನು ಕಲಿಯಾಕ ಬಂದಾವ್ರೀ!"

"ಬೆಳಿಗ್ಗೆಯಿಂದ ಕಲಿಸಿದೋರು ನೀವೇ ಅಂತ ಎಲ್ರೂ ಹೇಳಿದ್ರಲ್ಲ. ನಿಮ್ಮ ಮುಖನೂ ತರಬೇತುದಾರರ ಲಿಸ್ಟಲ್ಲೇ ಹೋಗಿದೆ. ಕಲಿಸಿದೋರಿಗೇ ಸರ್ಟಿಫಿಕೇಟ್ ಕೊಟ್ರೆ ನನ್ ಕೆಲಸ ಹೋಗುತ್ತೆ."

"ಹಂಗಾದ್ರ ಮಾಸ್ತರಿಕೆನಾದ್ರೂ ಕೊಡ್ರಿ ಮತ್ತ!"

"ಕೊಡ್ಬಹುದಿತ್ತು" ಎಂದು ಯಮುನಾ ಮೇಡಂ ನಿಜವಾದ ಮರುಕದಿಂದಲೇ ಹೇಳಿದರು. "ಅದಕ್ಕೆ ಮೊದಲು ಈ ಸರ್ಟಿಫಿಕೇಟ್ ಇರ್ಬೇಕು ಸಾರ್."

ಅಷ್ಟರಲ್ಲಿ ಸಿದ್ಧಾರ್ಥ್ ಓಡಿಬಂದು ಬಾಗಿಲಲ್ಲಿ ನಿಂತಿದ್ದ. ಹೇಳಬೇಡಿ ಎಂದು ದೂರದಿಂದಲೇ ಕೈ ಮುಗಿಯುತ್ತಿದ್ದ. ಅವನ ಮುಖ ನೋಡಿದರೆ ಇಂಟರ್‌ವ್ಯೂ ಕೂಡ ಕೈಕೊಟ್ಟಂತಿತ್ತು. ಇವನ ಹೊಟ್ಟೆಯ ಮೇಲೆ ಹೊಡೆಯಲು ಚನಬಸಪ್ಪನಿಗೆ ಮನಸ್ಸು ಬರಲಿಲ್ಲ. ಕೋಟು ಬಿಚ್ಚಿ ಕೊಟ್ಟು ಹೊರಗೆ ಬಂದ. ಮುನಿಕೃಷ್ಣನೂ ಇಲ್ಲ, ಸ್ಕೂಟರೂ ಇಲ್ಲ.

ಪಂಚಾಕ್ಷರಿಯವರ ಕಾಲು ಹಿಡಿದಾದರೂ ಒಂದು ವಾರದ ಗಡುವು ಕೇಳೋಣವೆಂದು ಕುಂಟುತ್ತಾ ವರ್ಕ್‌ಶಾಪಿಗೆ ಹೋದ.

"ಬಾ ಬಾ ಚನಬಸಪ್ಪ, ಈಗ ತಾನೇ ಸೂಪರ್‌ವೈಸರ್ ಸಿಕ್ಕಿದ್ರು ನೋಡು!" ಎಂದರು ಪಂಚಾಕ್ಷರಿ. ಅವರ ಎದುರಿನ ಕುರ್ಚಿಯಲ್ಲಿ ಸರ್ಟಿಫಿಕೇಟು ಹಿಡಿದು ಕೂತಿದ್ದವನು ಮುನಿಕೃಷ್ಣ. "ಎಷ್ಟ್ ಪ್ರಶ್ನೆ ಕೇಳಿದ್ರೂ ಟಕ್ ಅಂತ ಉತ್ತರ ಕೊಟ್ಟ ಕಣಯ್ಯಾ. ಯಾರೋ ಒಳ್ಳೆ ಗುರು ಕಲಿಸಿದಾನೆ."

ಮುನಿಕೃಷ್ಣ ತಲೆ ತಗ್ಗಿಸಿದ. ಎಷ್ಟಾದರೂ ಕೆಟ್ಟ ಹುಡುಗನಲ್ಲ. ಎದ್ದು ನಿಂತು ಹೇಳಿಯೇಬಿಟ್ಟ.

"ಸಾರ್, ನಂಗೆಲ್ಲಾ ಕಲಿಸಿದ್ದು ಈ ಅಣ್ಣಾನೇ. ನಾನೊಬ್ನೇ ಅಲ್ಲ, ಇವತ್ತು ಹತ್ತೊಂಬತ್ತು ಜನ ಪಾಸಾಗಿದ್ದು ಇವರಿಂದಾನೇ."

ಪಂಚಾಕ್ಷರಿ ಕಣ್ಣರಳಿಸಿದರು. ಚನಬಸಪ್ಪನ ಎದೆಯಲ್ಲಿ ಆಸೆ ಮತ್ತೆ ಚಿಗುರಿತು.

"ಹೌದೇನಯ್ಯಾ! ನಿನ್ನಲ್ಲಿ ಇಂಥಾ ವಿದ್ಯೆ ಇರೋವಾಗ ನಿನ್ನನ್ನ ಕುರ್ಚಿ ಮೇಲೆ ಕೂರಿಸೋಕೆ ಹೊರಟಿದ್ನಲ್ಲಾ ನಾನು! ಸೋಮವಾರದಿಂದ ನೀನು ಮಿಷನ್ ಮುಂದೆ ನಿಂತು ಕೆಲಸನೂ ಮಾಡು, ಹೊಸಬರಿಗೆಲ್ಲಾ ಕಲಿಸ್ತಾನೂ ಹೋಗು" ಎಂದು ಅವರು ಅವನ ಬೆನ್ನು ತಟ್ಟಿದರು. "ಮೊದಲು ಈ ಸೂಪರ್‌ವೈಸರಿಂದಾನೇ ಶುರು ಮಾಡು."

"ಆತ್ರೀ ಸಾರ್" ಎಂದ ಚನಬಸಪ್ಪ. ಹೇಳಿದ್ದು ಪಂಚಾಕ್ಷರಿಯವರಿಗೋ, ಮುನಿಕೃಷ್ಣನಿಗೋ ಅವನಿಗೇ ತಿಳಿಯಲಿಲ್ಲ.