ಸೈನೈಡ್ ದಿಬ್ಬದ ಮೇಲೆ ಹಿಮದ ಆಟ

ಮಂಜೇಶನನ್ನು ಸುಳ್ಳುಗಾರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅವನು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಫಾರಂ ತುಂಬುವಾಗ. ಫಾರಂ ತುಂಬುವಾಗ ಬರೀ ಸತ್ಯವನ್ನೇ ಬರೆದವರು ಯಾರಾದರೂ ಇದ್ದರೆ ಮುಂದೆ ಬಂದು ಅವನನ್ನು ಬೈಯಲಿ.

ಕೆಜಿಎಫ್‌ನ ಸುವರ್ಣ ಪಂಪ್ಸ್ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅವನು ಗುಮಾಸ್ತ. ಊರು ತಿಪಟೂರಿನ ಕಡೆ. ಹೆಂಡತಿ ಜ್ಯೋತ್ಸ್ನಾ ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮದುವೆಯಾದ ಐದು ವರ್ಷಗಳಲ್ಲಿ ನಾಲ್ಕು ವರ್ಷ ಅವಳು ಬೀದರಿನಲ್ಲಿ, ಇವನು ಇಲ್ಲಿ. ಕಾಡಿ ಬೇಡಿ ವರ್ಗ ಮಾಡಿಸಿಕೊಂಡು ಅವಳು ಬಂದು ಹನ್ನೊಂದು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಅವಳ ಡಬ್ಬಿ ಕಟ್ಟಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿ, ರೈಲು ಕಣ್ಮರೆಯಾಗುವ ತನಕ ನಿಂತು, ಕಾರ್ಖಾನೆಗೆ ತಡವಾಗಿ ಹೋಗುವುದರಲ್ಲಿ ಮಂಜೇಶನಿಗಿದ್ದ ಸುಖ ಹೇಳತೀರದು. ಅಂಥ ಹೊತ್ತಿನಲ್ಲಿ ವರ್ಗಾವಣೆ ಪಟ್ಟಿಯಲ್ಲಿ ಅವನ ಹೆಸರು ಬಂತು. ಛತ್ತೀಸಗಡದ ಕೊರ್ಬಾ, ಮೂರು ವರ್ಷ.

ಅದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಕ್ರೀಡಾಪಟುಗಳಿಗೆ ವಿನಾಯಿತಿ ಉಂಟೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಹಿಂದಿನ ವರ್ಷ ಪೇಂಟ್ ಸೆಕ್ಷನ್ನಿನ ರಾಜ್‌ಕುಮಾರ್ ಅದೇ ಫಾರಮ್ಮಿನಲ್ಲಿ ಕಬಡ್ಡಿ ಎಂದು ಬರೆದಿದ್ದ. ಅಂಕಣಕ್ಕೆ ಕರೆದು ಪರೀಕ್ಷೆ ಮಾಡಿದರು. ಇವತ್ತಿಗೂ ಅವನು ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ. ಹಾಗಾಗಿ ಇಡೀ ಕೋಲಾರ ಜಿಲ್ಲೆಯಲ್ಲಿ ಪರೀಕ್ಷೆ ಮಾಡಲು ಜಾಗವೇ ಇಲ್ಲದ ಆಟ ಯಾವುದೆಂದು ಮಂಜೇಶ ಎರಡು ದಿನ ಯೋಚಿಸಿ, ಮುದ್ದಾದ ಅಕ್ಷರಗಳಲ್ಲಿ 'ಸ್ನೋಬೋರ್ಡಿಂಗ್' ಎಂದು ಬರೆದ. ಕಾಲಿಗೆ ಹಲಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ.

ಶುಕ್ರವಾರ ಪರ್ಸೊನೆಲ್ ಆಫೀಸರ್ ಭಾರ್ಗವಿ ಮೇಡಂ ಕರೆಸಿದರು. ಬಂದು ತಿಂಗಳೂ ಆಗಿರದ ಹೊಸ ಆಫೀಸರ್.

"ನಾನೂ ಹಿಮಾಲಯದ ಔಲಿಯಲ್ಲಿ ಎರಡು ಸಲ ಇದರ ಕೋರ್ಸ್ ಮಾಡಿದೀನಿ ಮಂಜೇಶ್. ಈ ಊರಲ್ಲಿ ಒಬ್ಬರು ಸಿಕ್ಕಿದ್ರಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಭಾನುವಾರ ನಾಲ್ಕೂವರೆಗೆ ತೋರಿಸ್ತೀರಾ?"

"ಇಲ್ಲಿ ಹಿಮ ಇಲ್ವಲ್ಲ ಮೇಡಂ," ಎಂದ ಮಂಜೇಶ ಬಹಳ ದುಃಖದಿಂದ.

"ಸೈನೈಡ್ ದಿಬ್ಬ ಇದೆಯಲ್ಲ. ಮರಳಿನ ಮೇಲೂ ಮಾಡ್ತಾರೆ. ಆದ್ರೆ ಸುಮ್ನೆ ಜಾರ್ಕೊಂಡು ಬಂದ್ರೆ ನಾನು ಒಪ್ಪಲ್ಲ. ಕಾರ್ವಿಂಗ್ ನೋಡ್ಬೇಕು. ಹಲಗೆ ಅಂಚಿನ ಮೇಲೆ ನಿಂತು ತಿರುಗ್ಬೇಕು, ಹಿಂದೆ ಚಾಕುವಲ್ಲಿ ಕೊಯ್ದ ಹಾಗೆ ಒಂದೇ ಗೆರೆ ಬೀಳ್ಬೇಕು."

ಗಣಿಯ ಅದಿರಿನಿಂದ ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಹಿಟ್ಟಿನಂಥ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡ ಅದು. ಒಬ್ಬ ಗುಮಾಸ್ತನ ಮಾನ ತೆಗೆಯಲು ಬೇಕಾದಷ್ಟು ಎತ್ತರವಿದೆ.

ಶನಿವಾರವೆಲ್ಲ ಅವನು ಹೆಂಡತಿಗೆ ಹೇಳುವುದೋ ಬೇಡವೋ ಎಂಬುದರಲ್ಲೇ ಕಳೆದ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೇಳಿದ. ಜ್ಯೋತ್ಸ್ನಾ ಬೈಯಲಿಲ್ಲ. "ನಂಗೋಸ್ಕರ ಬರೆದ್ರಾ?" ಎಂದು ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊಬೈಲಿನಲ್ಲಿ ವಿಡಿಯೋ ಹುಡುಕತೊಡಗಿದಳು. ಆಮೇಲೆ ಪಕ್ಕದ ಮನೆಯ ಕುಪ್ಪುಸ್ವಾಮಿಯವರನ್ನು ಕರೆದಳು.

ಕುಪ್ಪುಸ್ವಾಮಿ ಗಣಿಯೊಳಗೆ ಮರದ ಆಸರೆ ಕಟ್ಟುತ್ತಿದ್ದ ಬಡಗಿ. ಗಣಿ ಮುಚ್ಚಿದಂದಿನಿಂದ ತಮ್ಮ ಕೈಗೆ ತಕ್ಕ ಕೆಲಸ ಯಾರೂ ಕೊಟ್ಟಿಲ್ಲವೆಂಬ ಕೊರಗು ಅವರಿಗಿತ್ತು. ವಿಡಿಯೋವನ್ನು ಎರಡು ಸಲ ನೋಡಿ, "ಇಷ್ಟೇನಾ ತಂಬಿ? ಒಂದು ಪಲಗೆ, ಎರಡು ಬೂಟು," ಅಂದರು.

ಅವರು ಹಳೆ ಮಂಚದ ಹಲಗೆಯೊಂದನ್ನು ಐದಡಿಗೆ ಕೊಯ್ದು, ಮುಂದೆ ಎಣ್ಣೆ ಡಬ್ಬದ ತಗಡು ಬಗ್ಗಿಸಿ ಮೂತಿ ಮಾಡಿ, ತಮ್ಮ ಗಣಿಯ ಬೂಟುಗಳೆರಡನ್ನು ಬೋಲ್ಟ್ ಹಾಕಿ ಬಿಗಿದರು. ಬಲಗಾಲಿನ ಬೂಟು ಮುಂದೆ.

"ಯಾವ ಕಾಲು ಮುಂದೆ ಅಂತ ಮೊದ್ಲು ನೋಡ್ಬೇಕಂತೆ," ಎಂದಳು ಜ್ಯೋತ್ಸ್ನಾ.

ಎದುರು ಮನೆಯ ಅಮ್ಮಾಜಮ್ಮ ಅಷ್ಟರಲ್ಲಿ ಬಂದಿದ್ದಳು. ಕಾಮಸಮುದ್ರದ ಕಡೆಯ ಹೆಂಗಸು, ಇಡ್ಲಿ ಮಾರುತ್ತಾಳೆ, ಬೀದಿಯಲ್ಲಿ ನಡೆಯುವುದೆಲ್ಲ ತನ್ನ ಮನೆಯ ಕಾರ್ಯವೆಂದೇ ನಂಬಿದವಳು. "ಅದೇನ್ ನೋಡಾದು ತಾಯಿ? ಒಳ್ಳೆ ಕೆಲ್ಸಕ್ಕೆ ಓಗೋವಾಗ ಯಾರಾನ ಎಡಗಾಲು ಮುಂದಿಕ್ತಾರಾ? ಬಲಗಾಲೇ ಇಕ್ಲಿ ನಾಯ್ನ," ಎಂದು ಹಲಗೆಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಕೊಯ್ದಳು. ಕುಪ್ಪುಸ್ವಾಮಿಯೂ ತಲೆಯಾಡಿಸಿದರು. ಗಣಿಗೆ ಇಳಿಯುವ ಪಂಜರದೊಳಕ್ಕೆ ಅವರು ಮೂವತ್ತು ವರ್ಷ ಬಲಗಾಲಿಟ್ಟೇ ಹೋಗಿ ಜೀವಂತ ಬಂದವರು. ಅವರೊಡನೆ ವಾದ ಮಾಡುವುದು ಹೇಗೆ?

ಹತ್ತು ಗಂಟೆಗೆ ಮಂಜೇಶ ದಿಬ್ಬದ ಅರ್ಧಕ್ಕೆ ಹತ್ತಿ, ಬಲಗಾಲು ಮುಂದಿಟ್ಟು, ಕುಲದೇವರನ್ನು ನೆನೆದು ಜಾರಿದ. ಹಲಗೆ ನೆಟ್ಟಗೆ ಹೋಯಿತು. ಅವನು ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಕೈ ಬೀಸಿದ. ಹಲಗೆ ಯಾವುದನ್ನೂ ಗಮನಕ್ಕೆ ತೆಗೆದುಕೊಳ್ಳದೆ ನೆಟ್ಟಗೇ ಹೋಗಿ, ಕೆಳಗಿದ್ದ ಜಾಲಿ ಪೊದೆಯೊಳಗೆ ನಿಂತಿತು. ಅವನನ್ನು ಬಿಡಿಸಿ ತರುವ ಹೊತ್ತಿಗೆ ಅಂಗಿಯ ಒಂದು ತೋಳು ಅಲ್ಲೇ ಉಳಿಯಿತು.

"ಪಲಗೆ ಮೇಲೆ ತಪ್ಪಿಲ್ಲ," ಅಂದರು ಕುಪ್ಪುಸ್ವಾಮಿ.

"ಹಲಗೆಯದ್ದೇ ತಪ್ಪು," ಎಂದಳು ಜ್ಯೋತ್ಸ್ನಾ. ಮಣ್ಣಿನಲ್ಲಿ ಕಡ್ಡಿಯಿಂದ ಒಂದು ದೊಡ್ಡ ವೃತ್ತ ಬರೆದಳು. "ನೋಡಿ ಮಾಮ, ಅಂಚು ನೆಟ್ಟಗಿದ್ರೆ ನೆಟ್ಟಗೇ ಹೋಗತ್ತೆ. ನಡು ಸಣ್ಣ ಇರ್ಬೇಕು, ಎರಡು ತುದಿ ಅಗಲ. ಆಗ ಅಂಚು ಈ ವೃತ್ತದ ಒಂದು ತುಂಡಿನ ಹಾಗೆ ಇರತ್ತೆ. ಅಂಚಿನ ಮೇಲೆ ವಾಲಿದ್ರೆ ಅದು ತಾನೇ ವೃತ್ತ ಸುತ್ತತ್ತೆ. ಮತ್ತೆ ಇದು ದಪ್ಪ ಆಯ್ತು, ಬಗ್ಗೋದೇ ಇಲ್ಲ. ಬಗ್ಗೋ ಮರ ಬೇಕು."

ಕುಪ್ಪುಸ್ವಾಮಿ ವೃತ್ತವನ್ನು ಬಹಳ ಹೊತ್ತು ನೋಡಿದರು. ಒಬ್ಬ ಮೇಷ್ಟ್ರಮ್ಮ ತನಗೆ ಮರದ ಕೆಲಸ ಕಲಿಸುವ ಕಾಲ ಬಂತೇ ಎಂದು ಅವರಿಗೆ ಸಂಕಟವಾಯಿತು. ಲೆಕ್ಕ ಸರಿಯಿದೆ ಎಂದೂ ಅನಿಸಿತು. ಎದ್ದು ಹೋಗಿ, ಬಾಗಿಲು ಹಾಕಿದ್ದ ಕಾರ್ಮಿಕರ ಕ್ಲಬ್ಬಿನಿಂದ ಟೇಬಲ್ ಟೆನ್ನಿಸ್ ಮೇಜಿನ ಅರ್ಧ ಭಾಗವನ್ನು ಹೊತ್ತು ತಂದರು. ಆ ಕ್ಲಬ್ಬಿಗೆ ಅವರೇ ಕಾರ್ಯದರ್ಶಿ, ಅವರೊಬ್ಬರೇ ಸದಸ್ಯರು.

ಮಧ್ಯಾಹ್ನದ ಹೊತ್ತಿಗೆ ನಡು ಸಣ್ಣಗಿದ್ದ ಹಸಿರು ಹಲಗೆಯೊಂದು ತಯಾರಾಯಿತು. ಅಂಚಿಗೆ ಪೆಟ್ಟಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಬಡಿದು, ತಳಕ್ಕೆ ಮೇಣದಬತ್ತಿ ಉಜ್ಜಿದ್ದರು. ಮಂಜೇಶ ಮತ್ತೆ ಬಲಗಾಲು ಮುಂದಿಟ್ಟು ಜಾರಿದ. ಈ ಸಲ ಹಲಗೆ ತಿರುಗಿತು. ತಿರುಗಿದ್ದು ಹಲಗೆ ಮಾತ್ರ. ಮಂಜೇಶ ಹೋಗುತ್ತಿದ್ದ ದಿಕ್ಕಿಗೇ ಹೋಗಿ, ಬಾಯಿ ತುಂಬ ಹಿಟ್ಟುಮಣ್ಣು ತುಂಬಿಕೊಂಡ.

"ಉಗಿ ನಾಯ್ನ, ಅದು ಸೈನೈಡು," ಎಂದು ಅಮ್ಮಾಜಮ್ಮ ಅವನ ಬೆನ್ನು ಗುದ್ದಿದಳು. ಗುದ್ದಿದ ರಭಸಕ್ಕೆ ಮಂಜೇಶ ಮುಗ್ಗರಿಸಿ ಎಡಗಾಲು ಮುಂದಿಟ್ಟ.

ಜ್ಯೋತ್ಸ್ನಾ ಕೂತಲ್ಲಿಂದ ಎದ್ದಳು. "ಅಮ್ಮಾಜಮ್ಮ, ಇನ್ನೊಂದ್ಸಲ ನೂಕಿ. ತಾನಾಗೇ ಮುಂದೆ ಬರೋ ಕಾಲೇ ಹಲಗೆ ಮೇಲೂ ಮುಂದಿರ್ಬೇಕಂತೆ."

ನೂಕಿದಳು. ಎಡಗಾಲು. ಹೇಳದೆ ನೂಕಿದಳು. ಎಡಗಾಲು. ನೋಡಲು ಬಂದವರೂ ಒಬ್ಬೊಬ್ಬರಾಗಿ ನೂಕಿದರು. ಇಂಥ ಸಮಾಜಸೇವೆಗೆ ನಮ್ಮ ಜನ ಹಿಂದೆ ಬೀಳುವುದಿಲ್ಲ. ಹದಿನಾಲ್ಕು ಸಲವೂ ಎಡಗಾಲೇ ಮುಂದೆ ಬಂತು.

"ದೇವ್ರು ಇವ್ನಿಗೆ ಎಡಗಾಲೇ ಮುಂದು ಮಾಡವ್ನೆ, ನಾವೇನ್ ಮಾಡಾದು," ಎಂದು ಅಮ್ಮಾಜಮ್ಮ ಸೋತಳು. ಕುಪ್ಪುಸ್ವಾಮಿ ಕರ್ಪೂರ ಹಚ್ಚಿ ತಪ್ಪಾಯಿತೆಂದು ಕೈಮುಗಿದು ಬೂಟುಗಳನ್ನು ಅದಲುಬದಲು ಮಾಡಿದರು. ಮುಂದಿನದು ಮೂತಿಯ ಕಡೆಗೆ ಕೊಂಚ ಓರೆ, ಹಿಂದಿನದು ಹೆಚ್ಚು ಕಡಿಮೆ ಅಡ್ಡ. ಬೂಟು ಒಂಬತ್ತನೇ ನಂಬರು, ಮಂಜೇಶನ ಪಾದ ಏಳು. ಒಳಗೆ ಹಿಮ್ಮಡಿ ಎದ್ದರೆ ಕಾಲು ಹೇಳಿದ್ದು ಹಲಗೆಗೆ ಕೇಳುವುದಿಲ್ಲವೆಂದು ವಿಡಿಯೋದವನು ಹೇಳಿದ್ದ. ಮೂರು ಜೊತೆ ಸಾಕ್ಸ್ ತೊಡಿಸಿ, ಮೇಲೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದರು.

"ರಕ್ತ ಓಡ್ತಿಲ್ಲ," ಎಂದ ಮಂಜೇಶ.

"ರಕ್ತ ಸಾಯಂಕಾಲ ಓಡ್ಲಿ ಪಾ. ಹಿಮ್ಮಡಿ ಆಡ್ತದಾ?" ಅಂದರು ಕುಪ್ಪುಸ್ವಾಮಿ.

ಆಡುತ್ತಿರಲಿಲ್ಲ.

ಮೂರು ಗಂಟೆಗೆ ಬಂಗಾರಪೇಟೆಯಿಂದ ಪಾನಿಪುರಿ ಗಾಡಿಯೊಂದು ಬಂದು ದಿಬ್ಬದ ಕೆಳಗೆ ನಿಂತಿತು. ಊರಿಗೆ ಸುದ್ದಿ ಮುಟ್ಟಿದೆಯೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಜ್ಯೋತ್ಸ್ನಾ ಗಂಡನ ಪಕ್ಕದಲ್ಲೇ ದಿಬ್ಬ ಹತ್ತುತ್ತ ಪಾಠ ಹೇಳಿದಳು. "ಹಲಗೇನ ಎಳೀಬೇಡಿ. ಮೊಣಕಾಲು ಬಗ್ಸಿ. ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡಿ, ಕೆಳಗೆ ನೋಡ್ಬೇಡಿ. ಸುಮ್ನೆ ವಾಲಿ, ಉಳಿದದ್ದು ಅದೇ ಮಾಡ್ಕೊಳತ್ತೆ. ಕೊರ್ಬಾ ನೆನೆಸ್ಕೊಳ್ಳಿ."

ಆರು ಸಲ ಬಿದ್ದ. ಏಳನೆಯ ಸಲ ಹೆದರಿಕೆಗೂ ದಣಿವಾಗಿತ್ತೋ ಏನೋ, ಮಂಜೇಶ ಸುಮ್ಮನೆ ವಾಲಿದ. ಹಲಗೆ ಅಂಚಿನ ಮೇಲೆ ಎದ್ದು, ಮಳೆಗೆ ಗಟ್ಟಿಯಾಗಿದ್ದ ಮಣ್ಣನ್ನು ಕಚ್ಚಿಕೊಂಡು, ಅವನನ್ನು ಹೊತ್ತುಕೊಂಡೇ ಸುತ್ತಿತು. ಕೆಳಗೆ ಬಂದು ನಿಂತು ತಿರುಗಿ ನೋಡಿದ. ಬೂದು ದಿಬ್ಬದ ಮೇಲೆ ಒಂದೇ ಒಂದು ಸಣ್ಣ ಗೆರೆ, ಬಾಗಿಕೊಂಡು. ಹುಟ್ಟಿದಂದಿನಿಂದ ಅವನು ಅಷ್ಟು ಚೆಂದದ್ದೇನನ್ನೂ ಮಾಡಿರಲಿಲ್ಲ. ಅವನಿಗೆ ಅಳು ಬಂತು. ಕುಪ್ಪುಸ್ವಾಮಿಯವರಿಗೂ ಬಂತು, ಆದರೆ ಅವರು ಮಣ್ಣು ಬಿತ್ತೆಂದು ಕಣ್ಣುಜ್ಜಿಕೊಂಡರು.

ನಾಲ್ಕೂವರೆಗೆ ಸರಿಯಾಗಿ ಭಾರ್ಗವಿ ಮೇಡಂ ಕಾರಿನಿಂದಿಳಿದರು. ಕೈಯಲ್ಲಿ ಎರಡು ಕವರು. ಹಲಗೆಯನ್ನು ಬಗ್ಗಿಸಿ ನೋಡಿದರು, ಅಂಚಿನ ಮೇಲೆ ಬೆರಳಾಡಿಸಿದರು, ಬೂಟಿನ ಓರೆಯನ್ನು ಕಣ್ಣಲ್ಲೇ ಅಳೆದರು. "ಸೆಟಪ್ ಯಾರದ್ದು? ನಮ್ ಔಲಿಯಲ್ಲಿ ಬಾಡಿಗೆಗೆ ಕೊಡೋದಕ್ಕಿಂತ ಚೆನ್ನಾಗಿದೆ," ಎಂದಾಗ ಕುಪ್ಪುಸ್ವಾಮಿ ಎರಡಂಗುಲ ಎತ್ತರವಾದರು.

ಮಂಜೇಶ ಈ ಸಲ ಪೂರ್ತಿ ಮೇಲಿನಿಂದ ಬಂದ. ಎಡಕ್ಕೊಂದು ತಿರುವು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಜನ ಶಿಳ್ಳೆ ಹೊಡೆದರು. ಭಾರ್ಗವಿ ಮೇಡಂ ಬಾಯಿ ತೆರೆದು ನಿಂತಿದ್ದವರು ಒಂದು ಕವರನ್ನು ಅವನ ಕೈಗಿತ್ತು ಕೈಕುಲುಕಿದರು.

"ಕೊರ್ಬಾ ವರ್ಗಾವಣೆ ರದ್ದಾಗಿದೆ," ಎಂದು ಜ್ಯೋತ್ಸ್ನಾ ಗಟ್ಟಿಯಾಗಿ ಓದಿ, ನೂರಾರು ಜನರೆದುರು ಗಂಡನ ಕೈ ಹಿಡಿದುಕೊಂಡಳು. ಅಮ್ಮಾಜಮ್ಮ ದೃಷ್ಟಿ ತೆಗೆದಳು. ಆಮೇಲೆ ಜ್ಯೋತ್ಸ್ನಾ ಕಾಗದದ ಕೆಳಗಿನ ಸಾಲು ಓದಿದಳು. ಇದನ್ನು ಗಟ್ಟಿಯಾಗಿ ಓದಲಿಲ್ಲ. ಕಾಗದವನ್ನು ಗಂಡನ ಮುಖದೆದುರು ಹಿಡಿದಳು.

ನುರಿತ ಕ್ರೀಡಾಪಟುವನ್ನು ಅವನ ಆಟಕ್ಕೆ ಅನುಕೂಲವಿರುವ ಘಟಕಕ್ಕೆ ನೇಮಿಸತಕ್ಕದ್ದು. ಹಿಮಾಚಲ ಪ್ರದೇಶದ ಲಾಹೌಲ್ ಸರ್ವಿಸ್ ಕೇಂದ್ರ, ಮೂರು ವರ್ಷ.

"ಅಲ್ಲಿ ವರ್ಷಕ್ಕೆ ಆರು ತಿಂಗಳು ಹಿಮ," ಎಂದರು ಭಾರ್ಗವಿ ಮೇಡಂ ಅಸೂಯೆಯಿಂದ.

ಮಂಜೇಶ ಅವರ ಕೈಯಲ್ಲಿ ಉಳಿದಿದ್ದ ಕವರನ್ನು ನೋಡಿದ. "ಆ ಇನ್ನೊಂದು ಕವರಲ್ಲಿ ಏನಿದೆ ಮೇಡಂ?"

"ಅದಾ? ನೀವು ಬಿದ್ದಿದ್ರೆ ಕೊಡೋಣ ಅಂತ ತಂದಿದ್ದೆ. ಇನ್ನೂ ಕಲೀತಿರೋರನ್ನ ಕಲಿತು ಮುಗಿಸೋ ತನಕ ಎಲ್ಲಿಗೂ ಕಳಿಸೋ ಹಾಗಿಲ್ಲ, ರೂಲ್ಸ್ ಹಾಗಿದೆ. ಇಲ್ಲೇ ಇದ್ಕೊಂಡು ವಾರಕ್ಕೊಂದು ದಿನ ಈ ದಿಬ್ಬದ ಮೇಲೆ ಪ್ರಾಕ್ಟೀಸ್. ನಿಮಗದು ಬೇಡ ಬಿಡಿ."

ಸುಳ್ಳು ಬರೆದಿದ್ದೆ ಎಂದು ಒಪ್ಪಿಕೊಂಡರೆ ಕೆಲಸವೇ ಹೋಗುತ್ತದೆ. ಮಂಜೇಶ ಹೆಂಡತಿಯನ್ನು ನೋಡಿದ, ದಿಬ್ಬವನ್ನು ನೋಡಿದ.

"ಮೇಡಂ, ಈಗ ಆದದ್ದು ಹೇಗೋ ಅದೃಷ್ಟ. ನಂಗೆ ನಿಜವಾಗ್ಲೂ ಸರಿಯಾಗಿ ಬರಲ್ಲ. ಇನ್ನೊಂದ್ಸಲ ನೋಡಿ ತೀರ್ಮಾನ ಮಾಡಿ."

"ಎಷ್ಟು ವಿನಯ ನಿಮಗೆ," ಎಂದು ಮೇಡಂ ಒಪ್ಪಿದರು.

ಅವನು ದಿಬ್ಬ ಹತ್ತಿ, ಬೀಳಲೇಬೇಕೆಂದು ಪಣ ತೊಟ್ಟು ಜಾರಿದ. ವೇಗ ಬಂದೊಡನೆ ಎಡಕ್ಕೆ ಉರುಳಲು ಮೈಯೆಲ್ಲ ವಾಲಿಸಿದ. ಹಲಗೆ ಅಂಚಿನ ಮೇಲೆ ಎದ್ದು ಸೊಗಸಾಗಿ ತಿರುಗಿತು. ಗಾಬರಿಯಾಗಿ ಬಲಕ್ಕೆ ಇನ್ನೂ ಜೋರಾಗಿ ಬಿದ್ದ. ಅದು ಇನ್ನೂ ಸೊಗಸಾಗಿ ತಿರುಗಿತು. ಕೈ ನೆಲಕ್ಕೆ ತಾಗುವಷ್ಟು ವಾಲಿದ, ಮೊಣಕಾಲು ಮಡಿಸಿ ಕುಸಿದ, ಕಣ್ಣು ಮುಚ್ಚಿದ. ಏನು ಮಾಡಿದರೂ ಕುಪ್ಪುಸ್ವಾಮಿಯವರ ಹಲಗೆ ಅವನನ್ನು ಕೆಳಗೆ ಬಿಡಲಿಲ್ಲ. ಎಂಟು ತಿರುವು ಮುಗಿಸಿ ಅವನನ್ನು ತಂದು ಮೇಡಮ್ಮಿನ ಎದುರಿಗೇ ನಿಲ್ಲಿಸಿತು.

ಭಾರ್ಗವಿ ಮೇಡಂ ಜ್ಯೋತ್ಸ್ನಾಳ ಕೈಯಿಂದ ಕಾಗದವನ್ನು ಮೆತ್ತಗೆ ತೆಗೆದುಕೊಂಡು, ಕಾರಿನ ಬಾನೆಟ್ಟಿನ ಮೇಲಿಟ್ಟು, 'ಮೂರು' ಎಂಬುದನ್ನು ಹೊಡೆದು 'ಐದು' ಎಂದು ಬರೆದು ಸಹಿ ಹಾಕಿದರು.