ಬುಂದಿಯ ಮೂಗು, ನನ್ನ ಚೀಲ

ಮೂಗಿದ್ದವರಿಗೆಲ್ಲ ವಾಸನೆ ತಿಳಿಯುತ್ತದೆ ಎಂದು ನಂಬಬೇಡಿ. ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ನನ್ನ ಮೂಗಿಗೆ ಖಾರದ ಘಾಟೆಂದರೆ ಬರೀ ಗಾಳಿ. ಪರಊರಿನ ನೆಂಟರು ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸೀನುತ್ತಾರೆ. ನಾವು ‘ಪಾಪ, ನೆಗಡಿ ಆಗೇತಿ’ ಎಂದು ಮರುಗಿ ಕಷಾಯ ಕುದಿಸುತ್ತೇವೆ. ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಈಗ ಹೇಳಲಿರುವ ತಪ್ಪನ್ನು ಅದರ ತಲೆಗೆ ಕಟ್ಟಲಾರೆ.

ನನ್ನ ತಂಗಿ ಶಾರದಾ ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಾಳೆ. ಅವಳ ಜೊತೆಗಾರ ಬುಂದಿ, ಮೈತುಂಬ ಚುಕ್ಕೆಯ ಬೀದಿನಾಯಿ. ಮೊದಲೆಲ್ಲ ಆಟೋ ಹಾರ್ನ್ ಹೊಡೆದರೂ ಬೊಗಳುತ್ತಿದ್ದ, ಹೊಡೆಯದಿದ್ದರೂ ಬೊಗಳುತ್ತಿದ್ದ. ‘ನಾಯಿ ಬಿಡ್ರಿ, ಇಲ್ಲಾ ಮನಿ ಬಿಡ್ರಿ’ ಎಂದು ಮನೆ ಮಾಲಕರು ಹೇಳಿಬಿಟ್ಟಿದ್ದರು. ಶಾರದಾ ದನದ ಡಾಕ್ಟರರನ್ನು ಕೇಳಿಕೊಂಡು ಬಂದು ಅವನನ್ನು ತಿದ್ದಿದಳು. ಹಳೇ ಗೋಣಿಚೀಲದ ಮಡಿಕೆಗಳಲ್ಲಿ ರೊಟ್ಟಿಯ ಚೂರು ಅಡಗಿಸಿಟ್ಟರೆ ಅವನು ಮೂಸಿ ಮೂಸಿ ಹುಡುಕಬೇಕು. ಬೊಗಳಿದರೆ ಇವಳು ಮುಖ ತಿರುಗಿಸುತ್ತಾಳೆ. ಸುಮ್ಮನೆ ಕೂತರಷ್ಟೇ ತುತ್ತು. ಎರಡು ತಿಂಗಳಲ್ಲಿ ಬುಂದಿ ಹೊಲಿಗೆ ಮಷೀನಿನ ಬುಡದಲ್ಲಿ ಗೊರಕೆ ಹೊಡೆಯುವಷ್ಟು ಸಾಧುವಾದ.

ಹದಿನೈದು ದಿನ ಕಸೂತಿ ಕಲಿಯಲು ಹುಬ್ಬಳ್ಳಿಗೆ ಹೊರಟಾಗ ಅವನನ್ನು ನನಗೆ ಒಪ್ಪಿಸಿದಳು.

‘ಯಕ್ಕಾ, ದಿನಾ ಚೀಲದ ಆಟ ಆಡಸು. ಮೂಗಿಗೆ ಕೆಲಸ ಸಿಕ್ರ ಬಾಯಿ ತಾನ ಸುಮ್ನಾಗತೈತಿ.’

‘ನನಗ ಹೇಳ್ತೀಯೇನ? ನಿನ್ನ ಬೆಳಸಿದಾಕಿ ನಾನು!’

‘ಅದಕ್ಕ ಹೇಳಾಕತ್ತೇನಿ.’

ನಮ್ಮ ಮನೆಯಲ್ಲಿ ಚೀಲಕ್ಕೇನು ಬರ? ಒಂದನ್ನು ಎರಡು ಸಲ ಕೊಡವಿ ರೊಟ್ಟಿ ಅಡಗಿಸಿದೆ. ಬುಂದಿ ಖುಷಿಯಿಂದ ಕಣ್ಣಿನವರೆಗೂ ಮುಖ ತೂರಿಸಿದ. ಸೀನಿದ. ಮತ್ತೆ ಸೀನಿದ. ಸೀನುತ್ತ ಸೀನುತ್ತ ಹಿಂದೆ ಸರಿದು ನೀರಿನ ಕೊಡ ಉರುಳಿಸಿದ. ಪಾಪ, ನೆಗಡಿ ಎಂದುಕೊಂಡೆ. ಮರುದಿನವೂ ಅದೇ ಚೀಲ, ಅದೇ ನೆಗಡಿ. ಮೂರನೆಯ ದಿನ ಚೀಲ ಕಂಡೊಡನೆ ಬೊಗಳತೊಡಗಿದ. ಅದನ್ನು ಮಡಿಚಿಡಲು ಹೋದಾಗ ಮೆಣಸಿನ ಬೀಜ ಉದುರಿದವು. ಮೆಣಸಿನಕಾಯಿ ತುಂಬಿದ್ದ ಚೀಲವದು! ಸುಮ್ಮನಾಗಲಿ ಎಂದು ಅವನಿಗೆ ರೊಟ್ಟಿ ಎಸೆದೆ. ಬೊಗಳಿದ, ಎಸೆದೆ. ವಾರ ಮುಗಿಯುವಷ್ಟರಲ್ಲಿ ಒಂದು ಬೊಗಳಿಗೆ ಒಂದು ಚೂರು ಎಂದು ಇಬ್ಬರಿಗೂ ಪಾಠ ಬಾಯಿಪಾಠವಾಗಿತ್ತು.

ಶಾರದಾ ಅವನನ್ನು ಕರೆದೊಯ್ದ ನಾಲ್ಕನೇ ದಿನಕ್ಕೆ ಫೋನ್ ಮಾಡಿದಳು. ‘ಯಕ್ಕಾ, ಇಂವ ಚೀಲಾ ಕಂಡ್ರ ಓಡಿ ಹೋಗ್ತಾನ. ದಿನಾ ಪೂರ್ತಿ ಬೊಗಳ್ತಾನ. ಮಾಲಕರು ರವಿವಾರದ ತನಕ ಅಂದಾರ. ಮೇಡ್ಲೇರಿಯೊಳಗ ಒಬ್ಬರು ಹೊಲಾ ಕಾಯಾಕ ಕೇಳ್ಯಾರ, ಕೊಟ್ಟುಬಿಡ್ತೇನಿ. ಅಲ್ಲೇನರ ಆತೇನ?’

‘ಏನಿಲ್ಲವಾ. ಹುಟ್ಟುಗುಣ’ ಎಂದೆ.

ಬಾಯಿಲ್ಲದ ಪ್ರಾಣಿಯ ಮೇಲೆ, ಅದೂ ಅಷ್ಟು ದೊಡ್ಡ ಬಾಯಿರುವ ಪ್ರಾಣಿಯ ಮೇಲೆ, ತಪ್ಪು ಹೊರಿಸಿಬಿಟ್ಟಿದ್ದೆ. ಫೋನಿನಲ್ಲಿ ಅವಳು ಮೂಗು ಎಳೆದುಕೊಂಡ ಸದ್ದು ಕೇಳಿಸಿತ್ತು. ಅದು ನೆಗಡಿಯಲ್ಲ ಎಂದು ನನಗೂ ಗೊತ್ತಿತ್ತು.

ಶನಿವಾರ ಬೆಳಗಿನ ಬಸ್ಸಿಗೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ. ಶಾರದಾ ‘ಮೆಣಸಿನಕಾಯಿ ಚೀಲಾ! ನಾಯಿಗಿ!’ ಎಂದು ಹಣೆ ಚಚ್ಚಿಕೊಂಡು, ನಗು ತಡೆಯಲಾರದೆ ಕೂತಳು. ಮಾಲಕರ ಬಳಿಗೆ ನನ್ನನ್ನೇ ಕಳಿಸಿದಳು. ಕೈಮುಗಿದು ಹದಿನೈದು ದಿನದ ಗಡುವು ತಂದೆ. ಗೋಣಿಯ ಬದಲು ಹಳೇ ಸೀರೆಯ ಮಡಿಕೆಗಳಲ್ಲಿ ಆಟ ಮೊದಲಿನಿಂದ ಸುರುವಾಯಿತು. ಗಡುವು ಮುಗಿಯುವಷ್ಟರಲ್ಲಿ ಬುಂದಿ ಮತ್ತೆ ಮಷೀನಿನ ಬುಡದಲ್ಲಿದ್ದ. ಮೇಡ್ಲೇರಿಯವರು ಬೇರೆ ನಾಯಿ ನೋಡಿಕೊಂಡರು.

ಈಗ ಹೋದಾಗಲೆಲ್ಲ ಎರಡು ಸಲ ಸೋಪು ಹಚ್ಚಿ ಕೈ ತೊಳೆಯದೆ ಒಳಗೆ ಪ್ರವೇಶವಿಲ್ಲ. ಬುಂದಿ ಬೆರಳು ಮೂಸಿ, ಸೀನು ಬರದಿದ್ದರೆ ಬಾಲ ಆಡಿಸುತ್ತಾನೆ. ಇನ್ನೊಂದು ವಿಷಯ ನಾಲ್ಕು ಸಲ ಹೋಗಿಬಂದ ಮೇಲಷ್ಟೇ ನನಗೆ ಹೊಳೆಯಿತು. ‘ಆ ಚೀಲಾ ನಾ ಖರೇನ ಕೊಡವಿದ್ದೆ’ ಎಂದು ನಾನು ಶುರುಮಾಡಿದ ಕೂಡಲೇ ಶಾರದಾ ಮುಖ ತಿರುಗಿಸಿ ಹೊಲಿಯುತ್ತಾಳೆ. ಸುಮ್ಮನೆ ಕೂತರೆ ಚಹಾ ಬರುತ್ತದೆ.