ಅತ್ತೆಯವರು ಯಾರ ಲೆಕ್ಕಕ್ಕೆ?

ನಾನು ಓದಿದ್ದು ಎಂಜಿನಿಯರಿಂಗು, ಲೆಕ್ಕಕ್ಕೆ ಹೆದರುವವಳಲ್ಲ. ಆದರೆ ದುಡಿಯುವ ಕುಟುಂಬಗಳಿಗೆ ಇಲ್ಲಿನ ಸರ್ಕಾರ ಕೊಡುವ ಟ್ಯಾಕ್ಸ್ ಕ್ರೆಡಿಟ್ಟಿನ, ಅಂದರೆ ತೆರಿಗೆಯಲ್ಲಿ ಮರಳಿ ಬರುವ ದುಡ್ಡಿನ, ಲೆಕ್ಕ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ. ಮಗುವಿದ್ದರೆ ಇಷ್ಟು, ಮನೆಯಲ್ಲಿ ಹಿರಿಯರಿದ್ದರೆ ಇನ್ನಿಷ್ಟು, ಸಂಬಳ ಹೆಚ್ಚಾದರೆ ಅದರಲ್ಲೂ ಕಡಿತ. ಮದುವೆ ಊಟದಲ್ಲಿ ಹೋಳಿಗೆ ಬಡಿಸುವವನು ನಮ್ಮ ಎಲೆಯ ತನಕ ಬಂದು, ಮುಖ ನೋಡಿ, ಮುಂದಿನವರಿಗೆ ಹಾಕಿ ಹೋದ ಹಾಗೆ. ಹಾಗಾಗಿ ಪ್ರತಿವರ್ಷ ಆ ಕೆಲಸವನ್ನು ನನ್ನ ಗಂಡ ಪ್ರಸನ್ನನಿಗೆ ಒಪ್ಪಿಸಿ, ಆಮೇಲೆ ತಪ್ಪು ಹುಡುಕುವ ಹೊಣೆಯನ್ನು ಮಾತ್ರ ನಾನು ಹೊತ್ತುಕೊಳ್ಳುತ್ತೇನೆ.

ಈ ಸಲ ಭಾನುವಾರ ಬೆಳಿಗ್ಗೆ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರಸನ್ನ ಲ್ಯಾಪ್‌ಟಾಪ್ ತೆರೆದು ಕೂತವನೇ ಹಿಗ್ಗಿಹೋದ. ಹೆತ್ತವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಾವೇ ನೋಡಿಕೊಳ್ಳುತ್ತಿದ್ದರೆ ಅವರನ್ನೂ ನಮ್ಮ ಲೆಕ್ಕಕ್ಕೆ ಸೇರಿಸಬಹುದಂತೆ. ಗ್ರೀನ್ ಕಾರ್ಡು ಪಡೆದು ಧಾರವಾಡದಿಂದ ಬಂದು ನಮ್ಮೊಂದಿಗೇ ಇರುವ ಅತ್ತೆಯವರು ಎದುರಿಗೇ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಇಂಥ ಮಾತನ್ನು ಸ್ವಲ್ಪ ಸುತ್ತಿ ಬಳಸಿ ಕೇಳಬೇಕೆಂಬ ಬುದ್ಧಿ ಬೇಡವೇ?

"ಅಮ್ಮಾ, ನೀ ನಮ್ಮ ಮ್ಯಾಲೆ ಅವಲಂಬಿಸಿದೀ ಅಂತ ಬರೀಲೇನು?"

ಸೊಪ್ಪು ಬಿಡಿಸುವ ಕೈ ನಿಂತಿತು. "ಯಾರ ಮ್ಯಾಲೆ?" ಎಂದರು ಅತ್ತೆ.

"ಸುಮ್ಮನ ಸರ್ಕಾರಕ್ಕ ಬರೀಲಿಕ್ಕಮ್ಮಾ."

"ಊರಾಗ ಎರಡು ಅಂಗಡಿ ಬಾಡಿಗಿ ಬರ್ತದ ನನಗ. ಮುಂಜಾನೆದ್ದು ನಿಮಗ ಡಬ್ಬಿ ಕಟ್ಟಿ, ದಿನಾ ಪೂರ್ತಿ ಕೂಸಿನ್ನ ಸಂಭಾಳಿಸಿ, ರಾತ್ರಿ ಬಿಸಿ ಭಕ್ರಿ ಮಾಡಿ ಹಾಕ್ತೀನಿ. ಯಾರು ಯಾರ ಮ್ಯಾಲೆ ಅವಲಂಬಿಸ್ಯಾರ, ನೀನ ಹೇಳು!"

ನಮ್ಮ ನಾಲ್ಕು ವರ್ಷದ ಮಗಳು ಇಳಾ, "ಅಜ್ಜಿ, ಆರ್ ಯೂ ಮ್ಯಾಡ್?" ಎಂದು, ಸಿಟ್ಟು ಬಂತಾ ಎಂಬ ಇಲ್ಲಿನ ಅರ್ಥದಲ್ಲಿ, ಕೇಳಿದಳು. ಅಜ್ಜಿ ಕೋಣೆಗೆ ಹೋಗಿ ಸ್ಯಾನ್ ಹೊಸೆಯಲ್ಲಿರುವ ಮಗಳಿಗೆ ಫೋನು ಹಚ್ಚಿದರು. "ಈ ವಾರನ ಬಂದು ಕರ್ಕೊಂಡು ಹೋಗವಾ," ಎಂದದ್ದು ನನಗೂ ಕೇಳಿಸಿತು. ನಾದಿನಿಗೆ ಎರಡು ಪುಟ್ಟ ಮಕ್ಕಳು. ಅತ್ತೆಯ ಮೇಲೆ ಅವಳ ಕಣ್ಣು ಬಿದ್ದು ಬಹಳ ಕಾಲವಾಗಿದೆ, ಒಮ್ಮೆ ಹೋದರೆ ವಾಪಸ್ಸು ಕಳಿಸುವ ಪೈಕಿಯವಳಲ್ಲ. ಡೇಕೇರಿನಲ್ಲಿ ಜಾಗ ಸಿಗುವಷ್ಟರಲ್ಲಿ ನಾನು ಸಾಂಟಾ ಕ್ಲಾರಾದ ಕೆಲಸಕ್ಕೆ ಎಳ್ಳುನೀರು ಬಿಡಬೇಕಾಗುತ್ತಿತ್ತು.

ಪ್ರಸನ್ನನನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ನಿಯಮಗಳನ್ನು ಓದತೊಡಗಿದೆ. ಪರೀಕ್ಷೆಗೂ ಅಷ್ಟು ಭಕ್ತಿಯಿಂದ ಓದಿದವಳಲ್ಲ. ಕೊನೆಗೂ ಸಿಕ್ಕಿತು: ಹೆತ್ತವರಿಗೆ ಇಂತಿಷ್ಟಕ್ಕಿಂತ ಹೆಚ್ಚು ಸ್ವಂತ ಆದಾಯವಿದ್ದರೆ ಅವರನ್ನು ಸೇರಿಸುವಂತಿಲ್ಲ. ಅತ್ತೆಯ ಅಂಗಡಿ ಬಾಡಿಗೆ ಆ ಮಿತಿಯನ್ನು ಆರಾಮವಾಗಿ ದಾಟಿತ್ತು. ಬರಬೇಕಾದ ದುಡ್ಡು ಬರುವುದಿಲ್ಲವೆಂದು ತಿಳಿದು ಇಷ್ಟು ಖುಷಿಪಟ್ಟವರು ಈ ದೇಶದಲ್ಲಿ ಬೇರೆ ಯಾರೂ ಇರಲಾರರು.

"ಅತ್ತೆ, ಬನ್ನಿ ಇಲ್ಲಿ! ನಿಮ್ಮ ಆದಾಯ ಜಾಸ್ತಿ ಅಂತೆ. ನೀವು ಯಾರ ಮೇಲೂ ಅವಲಂಬಿಸಿಲ್ಲ ಅಂತ ಸರ್ಕಾರಾನೇ ಹೇಳ್ತಿದೆ!"

ಅತ್ತೆ ಕನ್ನಡಕ ಹಾಕಿಕೊಂಡು ಬಂದು ನಿಧಾನವಾಗಿ ಓದಿದರು. ಮುಖ ಅರಳಿತು. ಮಗಳಿಗೆ ಮತ್ತೆ ಫೋನು ಹೋಯಿತು: "ಈಗ ಬ್ಯಾಡವಾ, ಮುಂದ ನೋಡೂಣು." ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಸಾಫ್ಟ್‌ವೇರು ಮುಂದಿನ ಪ್ರಶ್ನೆ ಕೇಳಿತು. ನೀವಿಬ್ಬರೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಂಡವರಿಗೆ ಎಷ್ಟು ಕೊಟ್ಟಿರಿ? ಕೊಟ್ಟದ್ದರಲ್ಲಿ ಒಂದು ಪಾಲು ಕ್ರೆಡಿಟ್ಟಾಗಿ ಬರುತ್ತದೆ. ನಾನು ಸೊನ್ನೆ ಒತ್ತಿದೆ. ಸರ್ಕಾರವೂ ಸೊನ್ನೆ ತೋರಿಸಿತು. ಬೆನ್ನ ಹಿಂದೆ ಅತ್ತೆ ಇನ್ನೂ ನಿಂತಿದ್ದರು.

"ಹಂಗಾದ್ರ ನಿಮ್ಮ ಮೂರೂ ಮಂದೀನ ನಾನ ಸಾಕ್ಲಿಕ್ಕತ್ತೀನಿ ಅಂತಾತು. ನಿಮ್ಮನ್ನ ನನ್ನ ಹೆಸರಿಗೆ ಬರಕೊಂಡ್ರ ನನಗೆಷ್ಟು ಬರ್ತದ, ನೋಡವಾ."

ಪ್ರಸನ್ನ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ನನ್ನ ಸಂಬಳವೊಂದು ಆ ಮಿತಿಯೊಳಗೆ ಇದ್ದಿದ್ದರೆ ಅತ್ತೆಯ ಲೆಕ್ಕಕ್ಕೆ ನಾನೂ ಸೇರಬಹುದಿತ್ತಲ್ಲ ಎಂದು ನಾನಾಗಲೇ ಲೆಕ್ಕ ಹಾಕುತ್ತಿದ್ದೆ.